ಇನ್ನೂ ಯಾರಾದರೂ ಬಳಸುತ್ತಿದ್ದೀರಾ?

ಸ್ಟ್ರೆಚರು ಲಿಫ್ಟಿನೊಳಗೆ ಹಿಡಿಯಲಿಲ್ಲ. ಒಮ್ಮೆ ನೇರವಾಗಿ ತೂರಿಸಿ ನೋಡಿದರು, ಒಮ್ಮೆ ಓರೆ ಮಾಡಿ ನೋಡಿದರು. ಬಾಗಿಲು ಅರ್ಧಕ್ಕೆ ಬಂದು, ಕಾಲಿನ ಕಡೆಗೆ ತಗುಲಿ, ಮತ್ತೆ ಹಿಂದಕ್ಕೆ ಸರಿಯಿತು. ಆ ಲಿಫ್ಟನ್ನು ಇಷ್ಟು ವರ್ಷ ರಿಪೇರಿ ಮಾಡಿಕೊಂಡು ಬಂದವರೇ ಸ್ಟ್ರೆಚರಿನ ಮೇಲೆ ಮಲಗಿದ್ದರು. ಇದ್ದಿದ್ದರೆ ಇಷ್ಟು ಹೊತ್ತಿಗೆ ಸ್ಕ್ರೂಡ್ರೈವರ್ ತಂದು ಬಾಗಿಲನ್ನೇ ಕಳಚಿರುತ್ತಿದ್ದರು ಎಂದು ಕೆಳಮನೆಯ ದರ್ಜಿ ಮೆಲ್ಲಗೆ ಅಂದ. ಯಾರೂ ನಗಲಿಲ್ಲ, ಆದರೆ ಮಾತು ನಿಜವೆಂದು ಎಲ್ಲರಿಗೂ ಅನ್ನಿಸಿತು.

ಕೊನೆಗೆ ಮೆಟ್ಟಿಲಲ್ಲೇ ಇಳಿಸುವುದೆಂದಾಯಿತು. ಸತ್ತವರ ತಮ್ಮ ಮುಂದೆ ನಿಂತು ದಾರಿ ತೋರಿಸತೊಡಗಿದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬಲಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ, ಈಗ ನೇರ ಮಾಡಿ ಎಂದು ಹೇಳುವುದು ಬಾಯಿಗೆ ಅಂಟಿಬಿಟ್ಟಿತ್ತು. ಯಾರ ಮೇಲೂ ನಂಬಿಕೆ ಇಲ್ಲದ ಪ್ರಾಣಿಯಾದ್ದರಿಂದ ಮನೆಯವರೆಲ್ಲ ಅವನನ್ನು ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಿದ್ದರು.

ಹೆಂಡತಿ ಕಂಬಿ ಹಿಡಿದುಕೊಂಡು ಹಿಂದಿನಿಂದ ಇಳಿಯುತ್ತಿದ್ದಳು. ಪಕ್ಕದಲ್ಲಿ ಮಗಳು. ಎರಡನೇ ಮಹಡಿಯ ತಿರುವಿಗೆ ಬಂದಾಗ ಕೆಳಗಿನಿಂದ ಹೆಂಗಸೊಬ್ಬಳು ಹತ್ತಿ ಬರುತ್ತಿದ್ದವಳು ಸ್ಟ್ರೆಚರನ್ನು ಕಂಡು ಗಕ್ಕನೆ ನಿಂತಳು. ನಲವತ್ತರ ಆಚೆಯ ವಯಸ್ಸು, ಬೆನ್ನ ಮೇಲೆ ದೊಡ್ಡ ಚೀಲ. ಜಾಗ ಬಿಡಲು ಗೋಡೆಗೆ ಒತ್ತಿಕೊಂಡಳು, ಆದರೆ ಬೆನ್ನಿನ ಚೀಲ ಬಿಡಬೇಕಲ್ಲ. ಅದನ್ನು ಕಳಚಿ ಎದೆಗೆ ಅವಚಿಕೊಂಡಳು.

"ಕ್ಷಮಿಸಿ," ಅಂದಳು. "ಬಸ್ಸು ತಡ ಆಯ್ತು."

ಅಷ್ಟೇ ಮಾತು. ಹೆಂಡತಿ ಇಳಿಯುವುದನ್ನು ನಿಲ್ಲಿಸಿದಳು. ಮುಖವನ್ನು ಆಕೆ ಎಂದೂ ನೋಡಿರಲಿಲ್ಲ. ಧ್ವನಿ ಮಾತ್ರ ಗೊತ್ತಿತ್ತು. ಎಷ್ಟೋ ಭಾನುವಾರ ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಕೇಳಿದ್ದ ಧ್ವನಿ ಅದು.

"ನೀವು ಯಾರ ಕಡೆಯೋರು?" ಎಂದು ಮೈದುನ ಕೆಳಗಿನಿಂದಲೇ ತಲೆಯೆತ್ತಿ ಕೇಳಿದ. ಹೆಣ ಹೊತ್ತವರು ತಿರುವಿನಲ್ಲಿ ಸಿಕ್ಕಿಕೊಂಡು ಬೆವರುತ್ತಿದ್ದರೂ ಅವನಿಗೆ ಅದು ಮುಖ್ಯವಾಗಿತ್ತು.

"ಇವ್ರ ಜೊತೆ ಕೆಲಸ ಮಾಡ್ತಿದ್ದೆ."

"ಲಿಫ್ಟ್ ಕಂಪನಿನಾ?"

"ಅಲ್ಲ," ಅಂದಳು ಅವಳು. ಮೈದುನನ ಹುಬ್ಬು ಮೇಲಕ್ಕೆ ಹೋಯಿತು. ಒಮ್ಮೆ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಕಂಬಿಯನ್ನೇ ನೋಡುತ್ತಿದ್ದಳು.

*

ಸತ್ತವರು ಮೊದಲು ಸ್ವೆಟರ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಹೆಣಿಗೆ ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ಅರ್ಧ ಆಯುಷ್ಯ ಕಳೆದಿತ್ತು. ಯಾವಾಗ ನೋಡಿದರೂ ಕೈಯಲ್ಲಿ ಎಣ್ಣೆಯ ಡಬ್ಬಿ ಇರುತ್ತಿದ್ದುದರಿಂದ ಅಲ್ಲಿನವರು ಎಣ್ಣೆಡಬ್ಬಿ ಎಂದು ಹೆಸರಿಟ್ಟಿದ್ದರು. ಕಾರ್ಖಾನೆ ಮುಚ್ಚಿತು. ಯಂತ್ರಗಳು ಗುಜರಿಗೆ ಹೋದವು. ಅವರು ಲಿಫ್ಟ್ ಕಂಪನಿ ಸೇರಿದರು. ಹಳೆಯ ಕೆಲಸದ್ದೆಂದು ಉಳಿದದ್ದು ಎರಡೇ: ಆ ಅಡ್ಡಹೆಸರು, ಮತ್ತೆ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಅವರು ನೋಡಿಕೊಳ್ಳುತ್ತಿದ್ದ ಒಂದು ತುಂಡು ಕೋಡು.

ಅದು ಓಪನ್ ಸೋರ್ಸ್ ಪ್ರೋಗ್ರಾಮು. ಕಂಪ್ಯೂಟರಿನಲ್ಲಿ ಬಿಡಿಸಿದ ವಿನ್ಯಾಸವನ್ನು ಹೆಣಿಗೆ ಯಂತ್ರಕ್ಕೆ ಕಳಿಸುವುದು ಅದರ ಕೆಲಸ. ಯಾರೊಬ್ಬರ ಸ್ವತ್ತೂ ಅಲ್ಲ. ಬೇಕಾದವರು ಬಿಟ್ಟಿಯಾಗಿ ಬಳಸಬಹುದು, ತಿಳಿದವರು ತಿದ್ದಬಹುದು. ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ತುಂಡು ಕೋಡು, ಒಂದೊಂದು ತುಂಡಿಗೆ ಒಬ್ಬೊಬ್ಬರು ಉಸ್ತುವಾರಿ. ಕಾರ್ಖಾನೆಯಲ್ಲಿದ್ದ ಆ ಹಳೆಯ ಯಂತ್ರದ ತುಂಡು ಇವರ ಪಾಲಿಗೆ ಬಂದಿತ್ತು. ಯಂತ್ರ ಮಾಡಿದ ಕಂಪನಿಯೇ ಬಾಗಿಲು ಹಾಕಿಕೊಂಡು ಬಹಳ ಕಾಲವಾಗಿದ್ದರೂ ಇವರು ಬಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಆ ಗುಂಪಿನವರೆಲ್ಲ ಕಂಪ್ಯೂಟರಿನಲ್ಲೇ ಸೇರಿ ಮಾತಾಡುತ್ತಿದ್ದರು. ಇವರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಒಳಗಿನಿಂದ ಹೆಂಗಸಿನ ಧ್ವನಿ ಕೇಳುತ್ತಿತ್ತು, ಆಮೇಲೆ ಇವರ ನಗು. ಊಟದ ಹೊತ್ತಿಗೆ ಹೊರಗೆ ಬಂದರೆ ಮತ್ತೆ ಅದೇ ಬಿಗಿದ ಮುಖ. ಉಪ್ಪು ಕಡಿಮೆಯಾದರೆ ಉಪ್ಪಿನ ಡಬ್ಬಿಯ ಕಡೆ ಕೈ ಚಾಚುವ ಗಂಡಸು ಅವರು, ಬಾಯಿಬಿಟ್ಟು ಕೇಳುವವರಲ್ಲ.

ಹೆಂಡತಿಗೆ ಗುಮಾನಿ ಹುಟ್ಟಿತು. ಹುಟ್ಟದೆ ಏನು ಮಾಡೀತು? ಆಕೆ ಕಣ್ಣಿನ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವವಳು. ನಾನೇ ಮೊದಲು ಬಂದದ್ದು, ಡಾಕ್ಟರೇ ಬರಹೇಳಿದ್ದಾರೆ, ನನ್ನ ವಯಸ್ಸು ಐವತ್ತು ಎನ್ನುವವರನ್ನೆಲ್ಲ ದಿನವಿಡೀ ನೋಡಿ ಕಳಿಸುವವಳು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದಿರುವುದೇ ಆಕೆಯ ಕಸುಬು. ಮನೆಗೆ ಬಂದ ಕೂಡಲೇ ಕಸುಬನ್ನು ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಡಲು ಆಗುತ್ತದೆಯೇ?

ಗಂಡನನ್ನು ಕೇಳಲು ಅಭಿಮಾನ ಅಡ್ಡ ಬಂತು. ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವಳನ್ನು ಸುತ್ತುಬಳಸಿ ವಿಚಾರಿಸಿದಳು. ಆ ಗುಂಪಿನ ಪುಟವನ್ನು ಯಾರು ಬೇಕಾದರೂ ಓದಬಹುದು, ಒಂದು ಹೆಸರು ಕೊಟ್ಟು ಸೇರಿದರೆ ಬರೆಯಲೂಬಹುದು ಎಂದು ತಿಳಿಯಿತು. ಅಡಿಗೆಮನೆಯಲ್ಲಿ ನಿಂತು ತನ್ನ ಫೋನಿನಲ್ಲೇ ಸೇರಿಕೊಂಡಳು. ಹೆಸರು ಕೇಳಿತು. ನೀಲಿ ನೂಲು ಎಂದು ಕೊಟ್ಟಳು.

ಅಂದು ಪುಟದ ಮೇಲ್ತುದಿಯಲ್ಲಿ ಒಂದು ಪ್ರಶ್ನೆ ಇತ್ತು. ಗುಂಪಿನ ಪದ್ಧತಿ ಅದು: ಯಾವುದಾದರೂ ಹಳೆಯ ಕೋಡನ್ನು ಕಿತ್ತುಹಾಕುವ ಮೊದಲು, ಇದನ್ನು ಇನ್ನೂ ಯಾರಾದರೂ ಬಳಸುತ್ತಿದ್ದೀರಾ ಎಂದು ಎಲ್ಲರೆದುರು ಕೇಳುವುದು. ಒಬ್ಬರು ಹೌದೆಂದರೂ ಉಳಿಸುವುದು, ಯಾರೂ ಸೊಲ್ಲೆತ್ತದಿದ್ದರೆ ಕೀಳುವುದು. ಪ್ರಶ್ನೆ ಗಂಡನ ಯಂತ್ರದ ಬಗ್ಗೆಯೇ ಇತ್ತು. ಕೆಳಗೆ ಯಾರೂ ಉತ್ತರಿಸಿರಲಿಲ್ಲ.

ಗಂಡನನ್ನು ಬಲೆಗೆ ಕೆಡವಲು ಇದಕ್ಕಿಂತ ಒಳ್ಳೆಯ ದಾರಿ ಆಕೆಗೆ ಹೊಳೆಯಲಿಲ್ಲ. ಬರೆದಳು: "ನಾನು ಬಳಸುತ್ತಿದ್ದೇನೆ. ನಾನೊಬ್ಬ ಹೆಂಗಸು. ಒಂಟಿಯಾಗಿದ್ದೇನೆ. ಈ ಯಂತ್ರ ಬಿಟ್ಟರೆ ಬೇರೆ ಗತಿಯಿಲ್ಲ."

ಹಿಂದಿನ ಕೋಣೆಯಿಂದ ಉತ್ತರ ಬಂತು. ಎರಡೇ ಸಾಲು, ಒಣ ಮಾತು: ತಿಳಿಸಿದ್ದಕ್ಕೆ ಧನ್ಯವಾದ, ಹಾಗಿದ್ದರೆ ತೆಗೆಯುವುದಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮುಂದಿನ ವಾರ ಅವರೇ ಮತ್ತೆ ಬರೆದರು. ಉದ್ದಕ್ಕೆ. ಯಂತ್ರ ಹೇಗೆ ಓಡುತ್ತಿದೆ, ಬೆಳಕು ಸಾಕಷ್ಟಿರುವ ಕಡೆ ಇಟ್ಟುಕೊಂಡಿದ್ದೀರಾ, ಬಹಳ ಹೊತ್ತು ಬಗ್ಗಿ ಕೂತರೆ ಸೊಂಟ ಹಿಡಿಯುತ್ತದೆ, ನಡುನಡುವೆ ಎದ್ದು ಓಡಾಡಿ. ಓದಿ ಆಕೆಯ ಮೈಯೆಲ್ಲ ಉರಿದುಹೋಯಿತು. ಕೌಂಟರಿನಲ್ಲಿ ಕೂತು ಕೂತು ತನ್ನ ಸೊಂಟ ಬಿದ್ದುಹೋಗಿ ಎಷ್ಟು ಕಾಲವಾಯಿತು! ಒಂದು ದಿನ ಕೇಳಿದ್ದುಂಟೇ ಈ ಮನುಷ್ಯ?

*

ವಿದ್ಯುತ್ ಚಿತಾಗಾರದ ಹೊರಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮೊದಲು ಬಂದ ಇನ್ನೊಬ್ಬರದು ನಡೆಯುತ್ತಿತ್ತು. ಕಾಯಿರಿ, ಕರೆಯುತ್ತೇವೆ ಎಂದರು. ಅಲ್ಲೂ ಕೌಂಟರು, ಅಲ್ಲೂ ಚೀಟಿ. ಹೆಂಡತಿ ಚೀಟಿಯನ್ನು ಅಭ್ಯಾಸಬಲದಿಂದ ತಿರುಗಿಸಿ ನೋಡಿ, ಮಗಳ ಕೈಗೆ ಕೊಟ್ಟಳು.

ಲಿಫ್ಟ್ ಕಂಪನಿಯವರು ಒಂದು ಕಡೆ ಗುಂಪಾಗಿ ನಿಂತಿದ್ದರು. ಕಾರ್ಖಾನೆಯ ಹಳೆಯ ಫೋರ್‌ಮನ್ ಊರುಗೋಲು ಹಿಡಿದು ಬಂದಿದ್ದ. ಎಣ್ಣೆಡಬ್ಬಿಯ ಹತ್ತಿರ ಮಾತು ಹೊರಡಿಸುವುದು ತುಕ್ಕು ಹಿಡಿದ ನಟ್ಟು ಬಿಚ್ಚಿದ ಹಾಗೆ, ಆದರೆ ಕೊಟ್ಟ ಮಾತಿಗೆ ತಪ್ಪಿದವನಲ್ಲ, ಸುಳ್ಳು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತು ಬಂದಾಗಲೆಲ್ಲ ಬೆನ್ನಚೀಲದ ಹೆಂಗಸು ತಲೆ ತಗ್ಗಿಸುವುದನ್ನು ಹೆಂಡತಿ ಗಮನಿಸಿದಳು.

ಮೈದುನ ಅವಳ ಪಕ್ಕದ ಕುರ್ಚಿಯನ್ನೇ ಹುಡುಕಿಕೊಂಡು ಕೂತಿದ್ದ. ಅವಳು ಯಾವ ಊರು, ಮದುವೆಯಾಗಿದೆಯೇ, ಅಣ್ಣನ ಪರಿಚಯ ಎಂದಿನಿಂದ ಎಂದು ಒಂದೊಂದಾಗಿ ತೆಗೆದ. ಅವಳು ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾಳಂತೆ. ಅಣ್ಣ ಮತ್ತು ಅವಳು ಒಂದೇ ಪ್ರಾಜೆಕ್ಟಿನಲ್ಲಿದ್ದರಂತೆ. ಪ್ರಾಜೆಕ್ಟ್ ಅಂದರೆ ಮನೆ ಕಟ್ಟಿಸುವುದೋ, ಜಾಗ ಎಲ್ಲಿ ಎಂದು ಮೈದುನ ಕೇಳಿದ. ಜಾಗ ಇಲ್ಲ, ಕಂಪ್ಯೂಟರಿನಲ್ಲಿ ಎಂದಳು. ಎಷ್ಟು ಸಲ ಭೇಟಿಯಾಗಿದ್ದೀರಿ ಎಂದ. ಒಮ್ಮೆಯೂ ಇಲ್ಲ, ಇವತ್ತೇ ಮೊದಲು ಎಂದಳು. ಹಾಗೆಂದು ಕಣ್ಣೊರೆಸಿಕೊಂಡಳು. ಒಮ್ಮೆಯೂ ನೋಡದವರಿಗಾಗಿ ಯಾರಾದರೂ ಅಳುತ್ತಾರೆಯೇ ಎಂಬುದು ಮೈದುನನ ಮುಖದಲ್ಲಿ ದಪ್ಪಕ್ಷರದಲ್ಲಿ ಕಾಣುತ್ತಿತ್ತು.

ಅವನು ಎದ್ದು ಅತ್ತಿಗೆಯ ಹತ್ತಿರ ಬಂದು ಬಗ್ಗಿದ. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಇವಳು ಯಾರು ಅಂತ ನಿಮಗೇನಾದ್ರೂ ಗೊತ್ತಾ?"

"ಗೊತ್ತು," ಅಂದಳು ಹೆಂಡತಿ. ಅವನು ಕಣ್ಣು ಕಣ್ಣು ಬಿಟ್ಟ. "ಕೂತ್ಕೋ ಹೋಗು."

ಅಣ್ಣನ ವಿಷಯದಲ್ಲಿ ಅತ್ತಿಗೆ ಇಷ್ಟು ತಣ್ಣಗಿದ್ದಾಳೆಂದರೆ ಅದರಲ್ಲೂ ಏನೋ ಇದೆ ಎಂದುಕೊಂಡು ಮೈದುನ ತನ್ನ ಕುರ್ಚಿಗೆ ಮರಳಿದ.

ಹೆಂಡತಿಗೆ ಬೆನ್ನಚೀಲದವಳ ಮೇಲೆ ಈಗ ಹೊಟ್ಟೆಕಿಚ್ಚಿರಲಿಲ್ಲ. ಅವಳು ಗಂಡನಿಗೆ ಏನೂ ಅಲ್ಲವೆಂದು ಆಕೆಗೆ ಎಂದೋ ತಿಳಿದಿತ್ತು. ಗುಂಪಿನ ಪುಟವನ್ನು ವರ್ಷಗಟ್ಟಲೆ ಓದಿದ ಮೇಲೆ ತಿಳಿಯದೆ ಇರುತ್ತದೆಯೇ? ಈಗ ಇದ್ದದ್ದು ಭಯ. ಈ ಹೆಂಗಸು ಹೂವಿಟ್ಟು ಹೋಗಲು ಇಷ್ಟು ದೂರ ಬಂದವಳಲ್ಲ. ಏನೋ ಕೇಳಲು ಬಂದಿದ್ದಾಳೆ.

ಒಳಗಿನಿಂದ ಕರೆ ಬಂತು. ಎಲ್ಲರೂ ಎದ್ದರು. ಹಳಿಯ ಮೇಲೆ ಅವರನ್ನು ಇಟ್ಟರು. ಬಾಗಿಲು ಮೇಲಕ್ಕೆ ಹೋಗಿ, ಕೆಳಕ್ಕೆ ಬಂತು. ಅದು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಮಗಳು ಬಿಕ್ಕಿದಳು, ಹೆಂಡತಿ ಅವಳ ಬೆನ್ನು ಸವರುತ್ತ ನಿಂತಳು. ತನಗೆ ಅಳು ಯಾಕೆ ಬರುತ್ತಿಲ್ಲವೆಂದು ಆಕೆಗೇ ಅಚ್ಚರಿಯಾಯಿತು.

ಹೊರಗೆ ಬರುವಾಗ ಬೆನ್ನಚೀಲದವಳು ಮಗಳ ಪಕ್ಕಕ್ಕೆ ಸೇರಿ ನಡೆಯುತ್ತ ಮೆಲ್ಲಗೆ ಏನೋ ಕೇಳಿದಳು. ಮಗಳು ಇಲ್ಲವೆಂದು ತಲೆಯಾಡಿಸಿ, ಹಿಂದೆ ತಿರುಗಿದಳು.

"ಅಮ್ಮ, ನಮ್ಮನೇಲಿ ಯಾವತ್ತಾದ್ರೂ ಹೆಣಿಗೆ ಮಷೀನ್ ಇತ್ತಾ? ಇವರು ಕೇಳ್ತಿದಾರೆ. ನೀಲಿ ನೂಲು ಅಂತ ಯಾರಾದ್ರೂ ಗೊತ್ತಾ ಅಂತ."

ಮೈದುನನ ಕಿವಿ ನೆಟ್ಟಗಾಯಿತು. ಹೆಂಡತಿ ಗೇಟಿನ ಕಡೆ ನೋಡುತ್ತ, "ಗಾಡಿ ಬಂತು, ಹತ್ತು," ಅಂದಳು.

*

ಬಲೆ ಹಾಕಲು ಹೋದವಳು ತಾನೇ ಅದರಲ್ಲಿ ಬಿದ್ದದ್ದು ಹೇಗೆಂದು ಆಕೆಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಮೊದಲು ಎರಡು ತಿಂಗಳಿಗೊಮ್ಮೆ ಬರೆಯುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ. ಯಂತ್ರವೇ ಇಲ್ಲದವಳು ಯಂತ್ರದ ಬಗ್ಗೆ ಏನೆಂದು ದೂರುವುದು? ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಊಟಕ್ಕೆ ಕೂತಾಗ, ಆ ಕಾರ್ಖಾನೆಯ ಮಷೀನಿನಲ್ಲಿ ಏನೇನು ಕೆಡುತ್ತಿತ್ತು ಎಂದು ಸುಮ್ಮನೆ ಕೇಳಿದವಳಂತೆ ಕೇಳುತ್ತಿದ್ದಳು. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಹೇಳುತ್ತಿದ್ದರು: ಸೂಜಿ ಜಿಗಿಯುತ್ತಿತ್ತು, ಥಂಡಿ ದಿನದಲ್ಲಿ ಸೂಜಿಗಳ ಮೇಲೆ ಓಡುವ ಗಾಡಿ ಅರ್ಧಕ್ಕೆ ನಿಲ್ಲುತ್ತಿತ್ತು, ಎರಡು ಬಣ್ಣ ಕೊಟ್ಟರೆ ಒಂದನ್ನು ಮರೆಯುತ್ತಿತ್ತು. ಅವರು ಕೈತೊಳೆದು ಒಳಗೆ ಹೋದ ಮೇಲೆ ಆಕೆ ಅದನ್ನೇ ತಿರುಗಿಸಿ ಬರೆಯುತ್ತಿದ್ದಳು. ಸರ್, ನನ್ನ ಯಂತ್ರ ಎರಡನೇ ಬಣ್ಣ ಮರೆಯುತ್ತಿದೆ. ಸ್ವಲ್ಪ ಹೊತ್ತಿಗೆ ಉತ್ತರ. ತನ್ನ ಬಾಯಿಂದ ಬಂದದ್ದೇ ತನಗೆ ದೂರಾಗಿ ಬಂದರೂ ಗುರುತು ಹಿಡಿಯದ ಗಂಡನ ಪೆದ್ದುತನಕ್ಕೆ ಆಕೆ ಪಾತ್ರೆ ತೊಳೆಯುತ್ತ ಒಬ್ಬಳೇ ನಗುತ್ತಿದ್ದಳು.

ನಗು ಒಂದು ಕಡೆ, ಸಂಕಟ ಇನ್ನೊಂದು ಕಡೆ. ನೀಲಿ ನೂಲಿಗೆ ಅವರು ತೋರಿಸುವ ಅಕ್ಕರೆ ಕಂಡು ಹೊಟ್ಟೆ ಉರಿಯುತ್ತಿತ್ತು. ಅವಳು ತಾನೇ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಉರಿ ಆರುತ್ತಿರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು: ಇಷ್ಟು ಹೊತ್ತು ಇದರಲ್ಲೇ ಇರುತ್ತೀರಿ, ನಿಮ್ಮ ಮನೆಯವರಿಗೆ ಬೇಸರವಾಗುವುದಿಲ್ಲವೇ?

ಉತ್ತರ ಬರಲು ಅಂದು ತಡವಾಯಿತು. "ನನ್ನ ಹೆಂಡತಿಗೆ ನನ್ನ ಮೇಲೆ ಅನುಮಾನ ಇದೆ," ಎಂದು ಬರೆದಿದ್ದರು. "ಇರಲಿ ಬಿಡಿ. ನನಗೆ ಮಾತು ಬರುವುದಿಲ್ಲ. ಅನುಮಾನವಾದರೂ ಇದ್ದರೆ ನನ್ನ ಮೇಲೆ ಒಂದು ಕಣ್ಣಿರುತ್ತದೆ."

ಆಕೆ ಅದನ್ನು ಓದಿ ಫೋನನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟಳು. ಆಮೇಲೆ ಎರಡು ವಾರ ಏನೂ ಬರೆಯಲಿಲ್ಲ.

ಪ್ರತಿ ವರ್ಷ ಗುಂಪಿನವರು ಅದೇ ಪ್ರಶ್ನೆ ಕೇಳುತ್ತಿದ್ದರು, ಪ್ರತಿ ವರ್ಷ ನೀಲಿ ನೂಲು ಹೌದು ಎನ್ನುತ್ತಿತ್ತು. ಈ ವರ್ಷ ಅವರಿಗೂ ಸಾಕಾಗಿತ್ತು. ಅವರಲ್ಲಿ ಇನ್ನೊಂದು ಪದ್ಧತಿಯಿತ್ತು: ಕೇಳಿದರೆ ನಿಜ ತಿಳಿಯದು ಅನ್ನಿಸಿದಾಗ, ಹೇಳದೆ ಕೇಳದೆ ಆ ತುಂಡನ್ನು ಕೆಲಸ ಮಾಡದಂತೆ ಮಾಡಿಬಿಡುವುದು. ನಿಜವಾಗಿ ಬಳಸುವವರು ಇದ್ದರೆ ಬೊಬ್ಬೆ ಹಾಕುತ್ತಾರೆ. ಬೊಬ್ಬೆ ಕೇಳಿಸಿದರೆ ಮತ್ತೆ ತೆರೆಯುವುದು. ಹಾಗೆ ಮುಚ್ಚಿಟ್ಟು ಕಾದರು.

ಅದೇ ವಾರ ಗಂಡನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಆಕೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಹಗಲು ರಾತ್ರಿ ಕೂತಿದ್ದಳು. ಫೋನು ಚೀಲದಲ್ಲೇ ಇತ್ತು. ಅಲ್ಲಿ ಅವರು ಸ್ವಲ್ಪ ಮಾತಾಡಿದರು ಕೂಡ. ಸ್ಟೂಲಿಗೆ ಒರಗು ಇಲ್ಲ, ನಿನ್ನ ಸೊಂಟಕ್ಕೆ ಆಗಲ್ಲ, ಮನೆಗೆ ಹೋಗಿ ಮಲಗು ಎಂದರು. ಆಕೆ ಹೋಗಲಿಲ್ಲ.

ನೀಲಿ ನೂಲು ಬೊಬ್ಬೆ ಹಾಕಲಿಲ್ಲ.

*

ಮನೆಗೆ ಬಂದ ಮೇಲೆ ಜನ ಹಾಲ್‌ನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ದರ್ಜಿಯ ಹೆಂಡತಿ ಲೋಟ ತೊಳೆದು ಹೋದಳು. ಅವಳು ಹೋಗುವುದನ್ನೇ ಕಾದಿದ್ದವಳಂತೆ ಬೆನ್ನಚೀಲದವಳು ಅಡಿಗೆಮನೆಯ ಬಾಗಿಲಿಗೆ ಬಂದಳು.

"ಇವತ್ತು ಕೇಳಬಾರದು ಅಂತ ಗೊತ್ತು," ಅಂದಳು. "ಆದ್ರೆ ಸಾಯಂಕಾಲ ಗುಂಪಿನವರೆಲ್ಲ ಸೇರ್ತಾರೆ. ನಾನು ಏನಾದ್ರೂ ಹೇಳಲೇಬೇಕು."

ಕೂತುಕೊಳ್ಳಿ ಎಂದು ಹೆಂಡತಿ ಸ್ಟೂಲು ತೋರಿಸಿದಳು. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಇಂದು ಆ ಹಳೆಯ ಕೋಡನ್ನು ಪೂರ್ತಿ ಕಿತ್ತುಹಾಕುತ್ತಾರೆ. ಹಾಗೆ ಕೀಳುವಾಗ ಅದನ್ನು ನೋಡಿಕೊಂಡವರ ಹೆಸರನ್ನು ಪ್ರೋಗ್ರಾಮಿನಲ್ಲಿ ಶಾಶ್ವತವಾಗಿ ಉಳಿಸುವುದು ವಾಡಿಕೆ. ಎಣ್ಣೆಡಬ್ಬಿಯವರ ಹೆಸರು ಬೇಡವೆಂದು ಕೆಲವರು ಹಟ ಹಿಡಿದಿದ್ದಾರೆ. ನೀಲಿ ನೂಲು ಎಂಬ ಬಳಕೆದಾರರು ಯಾರೂ ಇರಲೇ ಇಲ್ಲ, ಅವರೇ ಇನ್ನೊಂದು ಹೆಸರಿನಲ್ಲಿ ಬರೆದುಕೊಂಡು ಎಲ್ಲರ ಕಣ್ಣಿಗೂ ಮಣ್ಣೆರಚಿದರು ಎನ್ನುತ್ತಾರೆ. ಆ ಒಬ್ಬರಿಗಾಗಿ ಪ್ರತಿ ಹೊಸ ಆವೃತ್ತಿಯಲ್ಲೂ ಹಳೆಯದನ್ನು ಹೊಂದಿಸುತ್ತ ಉಳಿದವರು ತಮ್ಮ ರಜೆಗಳನ್ನು ಕಳೆದಿದ್ದಾರೆ. ಅವರಿಗೆ ಸಿಟ್ಟು ಬಂದರೆ ತಪ್ಪೇನು?

"ಅವರು ಆಸ್ಪತ್ರೆ ಸೇರಿದ ದಿನದಿಂದ ನೀಲಿ ನೂಲೂ ಮಾತು ನಿಲ್ಲಿಸ್ತು," ಅಂದಳು. "ನಾನು ಒಪ್ಪಿರಲಿಲ್ಲ. ಅವರು ಅಂಥೋರಲ್ಲ ಅಂತ ಎಲ್ಲರ ಜೊತೆ ಜಗಳ ಆಡಿದೆ. ಆಮೇಲೆ ಮೊನ್ನೆ ಒಂದು ಪುಟ ತೆಗೆದು ನೋಡಿದೆ. ಯಾರು ಎಲ್ಲಿಂದ ಬರೀತಾರೆ ಅನ್ನೋದು ಅದ್ರಲ್ಲಿ ಇರುತ್ತೆ. ನೀಲಿ ನೂಲು ಬರೆದಿದ್ದೆಲ್ಲಾ ಈ ಮನೆಯ ಇಂಟರ್ನೆಟ್ಟಿನಿಂದಲೇ ಬಂದಿದೆ. ಮೊದಲ್ನೇ ದಿನದಿಂದ."

ಗ್ಯಾಸಿನ ಮೇಲೆ ಚಹಾ ಉಕ್ಕಲು ಬಂದಿತ್ತು, ಹೆಂಡತಿ ಆರಿಸಿದಳು.

"ಈ ವಿಷಯ ನಾನು ಇನ್ನೂ ಯಾರಿಗೂ ಹೇಳಿಲ್ಲ. ಆದ್ರೆ ನಂಗೂ ಅನುಮಾನ ಬಂದುಬಿಟ್ಟಿದೆ. ತುಂಬಾ ಬೇಜಾರಾಗುತ್ತೆ ಅದಕ್ಕೆ. ಮೊದಲ ಸಲ ತೆಗೆಯೋಣ ಅಂದಿದ್ದೇ ಅವರು, ಗೊತ್ತಾ? ನಂಗೆ ಸಾಕಾಗಿದೆ, ಯಾರಿಗೂ ಬೇಡ, ಕಿತ್ತುಹಾಕಿ ಅಂತ ಅವರೇ ಹೇಳಿದ್ರು. ಒಂದೇ ವಾರದಲ್ಲಿ ಬದಲಾದ್ರು. ಯಾಕೆ ಅಂತ ಎಷ್ಟು ಕೇಳಿದ್ರೂ, ಒಬ್ಬರು ಬಳಸ್ತಿದಾರಲ್ಲ, ಅಷ್ಟೇ ಅನ್ನೋರು."

"ಆ ಪುಟ," ಎಂದು ಹೆಂಡತಿ ಕೇಳಿದಳು. "ಎಲ್ಲಿಂದ ಬರೀತಾರೆ ಅನ್ನೋ ಪುಟ. ಅದು ಯಾರಿಗೆ ಕಾಣುತ್ತೆ?"

"ಇಬ್ಬರಿಗೇ. ನಂಗೆ, ಅವರಿಗೆ. ನಾನು ನೋಡಿದ್ದು ಇದೇ ಮೊದಲು. ಅವರು ವಾರಕ್ಕೊಮ್ಮೆ ನೋಡ್ತಿದ್ರು. ಸುಳ್ಳು ಹೆಸರಲ್ಲಿ ಜಾಹೀರಾತು ಹಾಕೋರನ್ನ ಹಿಡಿಯೋ ಕೆಲಸ ಅವರದೇ ಇತ್ತು. ಅದಕ್ಕೇ ನಾನು ಹೇಳೋದು, ಅವರಿಗೆ ಗೊತ್ತಿಲ್ಲದೇ ಇರೋಕೆ ಸಾಧ್ಯವೇ ಇಲ್ಲ."

ಹೆಂಡತಿ ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟಳು.

ವಾರಕ್ಕೊಮ್ಮೆ. ಹಾಗಾದರೆ ಎರಡು ಸಾಲಿನ ಒಣ ಉತ್ತರ ಬರೆದಾಗ ಅವರಿಗೆ ಗೊತ್ತಿರಲಿಲ್ಲ. ಸೊಂಟದ ಮಾತು ಬರೆಯುವಾಗ ಗೊತ್ತಿತ್ತು. ಊಟದ ತಟ್ಟೆಯ ಮುಂದೆ ಕೈ ನಿಲ್ಲಿಸಿ, ಎರಡನೇ ಬಣ್ಣ ಮರೆಯುತ್ತಿತ್ತು ಎಂದು ಹೇಳುವಾಗಲೂ ಗೊತ್ತಿತ್ತು. ಇವತ್ತು ಏನು ದೂರು ಬರೆಯುತ್ತಾಳೋ ಪಾಪ, ಏನಾದರೂ ಕೊಟ್ಟಿರೋಣ ಎಂದು ಕೊಟ್ಟದ್ದು ಅದು. ಪೆದ್ದು ಎಂದು ನಕ್ಕದ್ದು ಯಾರು, ಪೆದ್ದಾದದ್ದು ಯಾರು! ಬೆಳಗಿನಿಂದ ಬಾರದ ಅಳು ಈಗ ಬಂತು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಸದ್ದಾಗದಂತೆ ಅತ್ತಳು. ಬೆನ್ನಚೀಲದವಳು ತಾನು ಹೇಳಿದ ಮಾತಿಗೇ ಹೀಗಾಯಿತೆಂದು ಗಾಬರಿಯಾಗಿ, ಬಿಡಿ, ನಾನು ಏನೂ ಹೇಳುವುದಿಲ್ಲ, ಹೆಸರು ಉಳಿಸಲು ನೋಡುತ್ತೇನೆ ಎಂದು ತಡವರಿಸಿದಳು.

ಹೆಂಡತಿ ಮುಖ ಒರೆಸಿಕೊಂಡು ಎದ್ದಳು. ಅಕ್ಕಿಯ ಡಬ್ಬದ ಹಿಂದಿನಿಂದ ತನ್ನ ಫೋನು ತೆಗೆದಳು. ಹಾಲ್‌ನಲ್ಲಿ ಮೈದುನ, ಅಣ್ಣನಿಗೆ ಹೊರಗೆ ಏನೋ ಒಂದು ವ್ಯವಹಾರ ಇತ್ತು, ಇಲ್ಲದಿದ್ದರೆ ಈ ಹೆಂಗಸು ಬರುತ್ತಿರಲಿಲ್ಲ ಎಂದು ಫೋರ್‌ಮನ್ನಿಗೆ ಹೇಳುತ್ತಿದ್ದುದು ಕೇಳುತ್ತಿತ್ತು. ಮಗಳೂ ಅಲ್ಲೇ ಇದ್ದಳು. ನಾಳೆ ಇವರೆಲ್ಲರಿಗೂ ತಿಳಿಯುತ್ತದೆ. ಸ್ವಂತ ಗಂಡನ ಹಿಂದೆ ಸುಳ್ಳು ಹೆಸರಿನಲ್ಲಿ ಬಿದ್ದಿದ್ದಳಂತೆ ಎಂದು ನಗುತ್ತಾರೆ. ಮೈದುನನಂತೂ ಸಾಯುವವರೆಗೆ ಆಡಿಕೊಳ್ಳುತ್ತಾನೆ. ಆಕೆಗೆ ನಾಚಿಕೆಯಾಯಿತು. ಆದರೂ ಫೋನು ಕೆಳಗಿಡಲಿಲ್ಲ.

ಯಂತ್ರ ಮಾರಿಬಿಟ್ಟೆ ಸರ್, ಇನ್ನು ನೀವು ತೊಂದರೆ ತೆಗೆದುಕೊಳ್ಳಬೇಡಿ ಎಂದು ಮೊದಲು ಬರೆದಳು. ಓದಿದಳು. ಅಳಿಸಿದಳು. ಮತ್ತೆ ಬರೆದಳು. ಬೆನ್ನಚೀಲದವಳು ಹತ್ತಿರ ಬಂದು ಫೋನಿನ ಮೇಲಿದ್ದ ಹೆಸರು ನೋಡಿ, ತುಟಿಯ ಮೇಲೆ ಕೈಯಿಟ್ಟುಕೊಂಡಳು.

"ನೀಲಿ ನೂಲು ಎಣ್ಣೆಡಬ್ಬಿಯವರಲ್ಲ. ನಾನು ಅವರ ಹೆಂಡತಿ. ನನ್ನ ಹತ್ತಿರ ಯಂತ್ರ ಯಾವತ್ತೂ ಇರಲಿಲ್ಲ. ನಿಮ್ಮ ಹೊತ್ತು ಹಾಳು ಮಾಡಿದ್ದು ನಾನು. ಅವರಿಗೆ ಗೊತ್ತಿತ್ತು. ಇನ್ನು ಅದನ್ನು ತೆಗೆದುಹಾಕಿ."

ಇನ್ನೊಮ್ಮೆ ಓದಿದಳು. ಅವರಿಗೆ ಗೊತ್ತಿತ್ತು ಎಂಬ ಎರಡು ಮಾತನ್ನು ಅಳಿಸಿದಳು. ಅದನ್ನು ಊರಿಗೆಲ್ಲ ಹಂಚಲು ಮನಸ್ಸಾಗಲಿಲ್ಲ. ಅದು ತನ್ನದು. ಬೆನ್ನಚೀಲದವಳು ಅದನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಅವರ ಹೆಸರು ಇರುತ್ತೆ. ನಾನು ನೋಡ್ಕೋತೀನಿ," ಅಂದಳು.

ಹೆಂಡತಿ ಕಳಿಸುವ ಗುಂಡಿ ಒತ್ತಿದಳು.

ಬೆನ್ನಚೀಲದವಳ ಕೈಯಲ್ಲಿದ್ದ ಫೋನು ಸಣ್ಣಗೆ ನಡುಗಿತು. ಅದರ ಹಿಂದೆಯೇ ಹಿಂದಿನ ಕೋಣೆಯಲ್ಲಿ, ಮಗಳು ಬೆಳಿಗ್ಗೆ ಚಾರ್ಜಿಗೆ ಹಾಕಿದ್ದ ಅಪ್ಪನ ಫೋನು ಟಿಣ್ ಎಂದಿತು. ಹಾಲ್‌ನಲ್ಲಿ ಮಾತು ನಿಂತಿತು.

"ಅಣ್ಣನಿಗೆ ಯಾರದು ಈಗ ಮೆಸೇಜು?" ಎನ್ನುತ್ತ ಮೈದುನ ಎದ್ದು ನಿಂತ.

ಹೆಂಡತಿ ಹಿಂದಿನ ಕೋಣೆಯ ಕಡೆ ತಿರುಗಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉತ್ತರಕ್ಕೆ ಕಾಯುತ್ತ ನಿಂತಿದ್ದಳು.